ಮನೆಯೊಳಗಿನ ಬ್ಯಾಟರಿ: ಅದರ ಆಯುಸ್ಸು ಮತ್ತು ನಮ್ಮ ಆರೋಗ್ಯ

ತಮ್ಮ ಮನೆಯಲ್ಲಿ ಎಷ್ಟು ಬ್ಯಾಟರಿಗಳಿವೆಯೆಂದು ವಾಚಕರು ಎಂದಾದರೂ ಎಣಿಸಿ ನೋಡಿದ್ದಾರೆಯೇ? ಪುಣೆಯ ಕೋಥರೂಡಿನಲ್ಲೋ ಸಹಕಾರನಗರದಲ್ಲೋ ವಯಸ್ಸಾದ ದಂಪತಿಗಳಿಬ್ಬರೇ ವಾಸಿಸುವ ಒಂದು ಫ್ಲ್ಯಾಟನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಬಾಗಿಲ ಬಳಿ ಇನ್ವರ್ಟರಿನ ಭಾರವಾದ ಬ್ಯಾಟರಿ. ಗೋಡೆಯ ಗಡಿಯಾರದಲ್ಲಿ ಒಂದು ಸೆಲ್ಲು. ಟೆಲಿವಿಷನ್ನಿನ ರಿಮೋಟಿನಲ್ಲಿ ಎರಡು. ಹಾಸಿಗೆಯ ಪಕ್ಕದ ಟಾರ್ಚಿನಲ್ಲಿ ಎರಡೋ ಮೂರೋ. ರಕ್ತದೊತ್ತಡವನ್ನು ಅಳೆಯುವ ಯಂತ್ರದಲ್ಲಿ ನಾಲ್ಕು. ರಕ್ತದ ಸಕ್ಕರೆಯನ್ನು ನೋಡುವ ಪುಟ್ಟ ಉಪಕರಣದಲ್ಲಿ ಗುಂಡಿಯಂತಹದೊಂದು. ಯಜಮಾನರ ಶ್ರವಣಸಾಧನದಲ್ಲಿ ಒಂದು. ಇಬ್ಬರ ಮೊಬೈಲ್ ಫೋನುಗಳಲ್ಲಿ ಒಂದೊಂದು. ರಜೆಗೆ ಬಂದ ಮೊಮ್ಮಗ ಬಿಟ್ಟುಹೋದ ಆಟಿಕೆಗಳಲ್ಲಿ ಮತ್ತಷ್ಟು. ಲೆಕ್ಕ ಹದಿನೈದನ್ನು ದಾಟಿ ಇಪ್ಪತ್ತರ ಕಡೆಗೆ ಸಾಗುತ್ತದೆ.

ಇವುಗಳ ಪೈಕಿ ಗಡಿಯಾರ ನಿಂತರೆ ಕೆಡುವುದೇನೂ ಇಲ್ಲ. ಆದರೆ ರಕ್ತದೊತ್ತಡದ ಯಂತ್ರವಾಗಲಿ, ಶ್ರವಣಸಾಧನವಾಗಲಿ, ರಾತ್ರಿ ಬಚ್ಚಲಿಗೆ ಎದ್ದಾಗ ಬೇಕಾಗುವ ಟಾರ್ಚಾಗಲಿ, ಉಸಿರಾಟದ ತೊಂದರೆಯುಳ್ಳವರ ಆಮ್ಲಜನಕ ಸಾಂದ್ರಕವಾಗಲಿ ನಿಂತರೆ ಮಾತು ಬೇರೆ. ಔಷಧಿಯ ಸೀಸೆಯ ಮೇಲಿನ ದಿನಾಂಕವನ್ನು ಕನ್ನಡಕ ಹಾಕಿಕೊಂಡು ಓದುವ ನಾವು, ನಮ್ಮ ಆರೋಗ್ಯವನ್ನು ಕಾಯುವ ಈ ಉಪಕರಣಗಳ ಜೀವವಾದ ಬ್ಯಾಟರಿಯ ವಿಷಯದಲ್ಲಿ ಅಷ್ಟು ಎಚ್ಚರ ವಹಿಸುವುದಿಲ್ಲ. ಮತ್ತೆ ಮತ್ತೆ ಚಾರ್ಜು ಮಾಡಿ ಬಳಸತಕ್ಕ ಬ್ಯಾಟರಿಗಳಲ್ಲಿ ಹೆಚ್ಚಿನವು ಬಳಸಿ ಸವೆದು ಸಾಯುವುದಿಲ್ಲ. ನಮ್ಮ ಅಲಕ್ಷ್ಯದಿಂದ ಸಾಯುತ್ತವೆ. ಅದೇಕೆಂಬುದನ್ನು ತಿಳಿಯಬೇಕಾದರೆ ಅವುಗಳ ಒಳಗೆ ನಡೆಯುವುದೇನೆಂಬುದನ್ನು ಸ್ವಲ್ಪ ನೋಡಬೇಕು.

ಬ್ಯಾಟರಿಯೆಂದರೆ ವಿದ್ಯುತ್ತನ್ನು ತುಂಬಿಟ್ಟ ಕೊಡವೆಂಬ ಭಾವನೆ ಸಾಮಾನ್ಯವಾಗಿದೆ. ‘ಚಾರ್ಜು ತುಂಬಿತು’, ‘ಚಾರ್ಜು ಖಾಲಿಯಾಯಿತು’ ಎಂಬ ನಮ್ಮ ಮಾತೇ ಈ ಭ್ರಮೆಯನ್ನು ಬೆಳೆಸಿದೆ. ವಾಸ್ತವವಾಗಿ ಬ್ಯಾಟರಿಯಲ್ಲಿ ವಿದ್ಯುತ್ತು ವಿದ್ಯುತ್ತಿನ ರೂಪದಲ್ಲಿ ಇರುವುದೇ ಇಲ್ಲ. ಅಲ್ಲಿರುವುದು ಎರಡು ಬೇರೆ ಬೇರೆ ವಸ್ತುಗಳು, ಅವುಗಳ ನಡುವೆ ಒಂದು ದ್ರವ ಅಥವಾ ಲೇಪ. ಎರಡು ವಸ್ತುಗಳನ್ನೂ ಹೊರಗಿನಿಂದ ತಂತಿಯ ಮೂಲಕ ಜೋಡಿಸಿದೊಡನೆ ಒಳಗೆ ರಾಸಾಯನಿಕ ಕ್ರಿಯೆ ಆರಂಭವಾಗುತ್ತದೆ. ಆ ಕ್ರಿಯೆಯ ಫಲವಾಗಿ ತಂತಿಯಲ್ಲಿ ವಿದ್ಯುತ್ತು ಹರಿಯುತ್ತದೆ. ಇಟಲಿಯ ವೋಲ್ಟಾ ಎಂಬ ವಿಜ್ಞಾನಿ 1800ರಲ್ಲಿ ಲೋಕಕ್ಕೆ ತಿಳಿಸಿದ್ದು ಇದನ್ನೇ. ಸತುವಿನ ಬಿಲ್ಲೆ, ಇನ್ನೊಂದು ಲೋಹದ ಬಿಲ್ಲೆ, ನಡುವೆ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆ; ಇಂತಹ ಜೋಡಿಗಳನ್ನು ಒಂದರ ಮೇಲೊಂದು ಪೇರಿಸಿ ಆತನು ಮೊದಲ ಬ್ಯಾಟರಿಯನ್ನು ಕಟ್ಟಿದನು. 1866ರಲ್ಲಿ ಫ್ರಾನ್ಸಿನ ಲೆಕ್ಲಾಂಷೆ ರೂಪಿಸಿದ ಕೋಶದ ವಂಶವೇ ನಾವು ಅಂಗಡಿಯಲ್ಲಿ ಕೊಳ್ಳುವ ಅಗ್ಗದ ಟಾರ್ಚು ಸೆಲ್ಲು. ಇವುಗಳಲ್ಲಿ ಸತುವು ಕರಗಿಹೋದರೆ ಮುಗಿಯಿತು. ಬೆಂದ ಅನ್ನ ಮರಳಿ ಅಕ್ಕಿಯಾಗದು.

ಬೆಂದದ್ದನ್ನು ಮರಳಿ ಅಕ್ಕಿಯಾಗಿಸಿದ ಕೀರ್ತಿ ಗಾಸ್ಟನ್ ಪ್ಲಾಂಟೆ ಎಂಬ ಫ್ರೆಂಚ್ ವಿಜ್ಞಾನಿಗೆ ಸಲ್ಲುತ್ತದೆ. 1859ರಲ್ಲಿ ಆತನು ಎರಡು ಸೀಸದ ಹಾಳೆಗಳನ್ನು ಒಂದಕ್ಕೊಂದು ತಾಗದಂತೆ ಸುರುಳಿ ಸುತ್ತಿ, ಗಂಧಕಾಮ್ಲದಲ್ಲಿ ಮುಳುಗಿಸಿ, ಹೊರಗಿನಿಂದ ವಿದ್ಯುತ್ತನ್ನು ಹಾಯಿಸಿದನು. ತರುವಾಯ ಆ ಸುರುಳಿಯೇ ವಿದ್ಯುತ್ತನ್ನು ಕೊಡತೊಡಗಿತು. ಬಳಲಿದಾಗ ಪುನಃ ವಿದ್ಯುತ್ತು ಹಾಯಿಸಿದರೆ ಮತ್ತೆ ಚೇತರಿಸಿಕೊಂಡಿತು. ಕ್ರಿಯೆಯನ್ನು ಹಿಮ್ಮುಖವಾಗಿ ನಡೆಸಬಹುದೆಂಬುದೇ ಪುನರ್ಭರ್ತಿ ಬ್ಯಾಟರಿಯ ರಹಸ್ಯ. ಹೆರೆಗಟ್ಟಿದ ತುಪ್ಪ ಕಾಯಿಸಿದರೆ ಕರಗುವಂತೆ, ಆರಿಸಿದರೆ ಮತ್ತೆ ಹೆರೆಗಟ್ಟುವಂತೆ. ಆದರೆ ತುಪ್ಪವನ್ನು ಹೆಚ್ಚು ಕಾಯಿಸಿದರೆ ಸೀದುಹೋಗುತ್ತದಲ್ಲವೆ? ಇಲ್ಲಿಯೂ ಹಾಗೆಯೇ. ಪ್ರತಿ ಸಾರಿಯೂ ಕ್ರಿಯೆ ನೂರಕ್ಕೆ ನೂರರಷ್ಟು ಹಿಮ್ಮರಳುವುದಿಲ್ಲ. ಸ್ವಲ್ಪ ಸ್ವಲ್ಪವೇ ಹಿಂದೆ ಉಳಿಯುತ್ತ ಹೋಗುತ್ತದೆ. ಆ ಉಳಿಕೆ ಎಷ್ಟು ಎಂಬುದನ್ನು ನಿರ್ಧರಿಸುವವರು ಬಹುಮಟ್ಟಿಗೆ ನಾವು.

ಪ್ಲಾಂಟೆಯ ಸೀಸದ ಕೋಶ ಇಂದಿಗೂ ನಮ್ಮ ಇನ್ವರ್ಟರುಗಳಲ್ಲಿ, ಕಾರುಗಳಲ್ಲಿ ಬಾಳುತ್ತಿದೆ. ಚಿಂಚವಡದಲ್ಲಿ ಇಂತಹ ಬ್ಯಾಟರಿಗಳನ್ನು ತಯಾರಿಸುವ ದೊಡ್ಡ ಕಾರ್ಖಾನೆಯೇ ಹಲವು ದಶಕಗಳಿಂದ ಇದೆ. ಪುಣೆಯ ಮನೆಗಳಿಗೆ ಇನ್ವರ್ಟರು ಬಂದ ಬಗೆಯನ್ನು ಹಿರಿಯ ವಾಚಕರಿಗೆ ನೆನಪಿಸಬೇಕಾಗಿಲ್ಲ. 2005ರ ಆಸುಪಾಸಿನಲ್ಲಿ ಮಹಾರಾಷ್ಟ್ರದಲ್ಲಿ ವಿದ್ಯುತ್ತಿನ ಕೊರತೆ ತೀವ್ರವಾಗಿ, ಪ್ರತಿದಿನ ಗಂಟೆಗಟ್ಟಲೆ ‘ಲೋಡ್ ಶೆಡ್ಡಿಂಗ್’ ನಡೆಯುತ್ತಿತ್ತು. 2006ರಲ್ಲಿ ಇಲ್ಲಿನ ಕಾರ್ಖಾನೆಗಳು ತಮ್ಮ ಸ್ವಂತ ಜನರೇಟರುಗಳನ್ನು ನಡೆಸಿ, ಉಳಿದ ವಿದ್ಯುತ್ತನ್ನು ನಗರಕ್ಕೆ ಬಿಟ್ಟುಕೊಟ್ಟ ಏರ್ಪಾಡು ‘ಪುಣೆ ಮಾದರಿ’ಯೆಂದು ಹೆಸರಾಯಿತು. ಆ ದಿನಗಳು ಹೋದವು, ಇನ್ವರ್ಟರುಗಳು ಉಳಿದವು. ಈಗ ವಿದ್ಯುತ್ತು ಕೈಕೊಡುವುದು ಬಹುಶಃ ಮೇ ತಿಂಗಳ ಗಾಳಿಮಳೆಗೆ, ಇಲ್ಲವೆ ಆಷಾಢದಲ್ಲಿ ಮರ ಉರುಳಿದಾಗ. ವರ್ಷದ ಬಹುಭಾಗ ಕೆಲಸವಿಲ್ಲದೆ ಕುಳಿತ ಬ್ಯಾಟರಿಯನ್ನು ಮನೆಯವರು ಮರೆತೇಬಿಡುತ್ತಾರೆ. ಅದಕ್ಕೆ ಕುತ್ತು ಬರುವುದೂ ಇದರಿಂದಲೇ.

ಈ ಬ್ಯಾಟರಿಯೊಳಗೆ ಆರು ಕೋಶಗಳು, ಒಂದೊಂದರದು ಎರಡು ವೋಲ್ಟಿಗಿಂತ ತುಸು ಹೆಚ್ಚು. ಒಂದು ಫಲಕ ಸೀಸದ್ದು, ಇನ್ನೊಂದು ಸೀಸದ ಡೈ ಆಕ್ಸೈಡಿನದು. ನಡುವೆ ನೀರು ಬೆರೆತ ಗಂಧಕಾಮ್ಲ. ವಿದ್ಯುತ್ತನ್ನು ಕೊಡುವಾಗ ಎರಡು ಫಲಕಗಳ ಮೇಲೂ ಸೀಸದ ಸಲ್ಫೇಟೆಂಬ ಬಿಳಿಯ ವಸ್ತು ಕೂರುತ್ತದೆ, ಆಮ್ಲ ತೆಳ್ಳಗಾಗುತ್ತದೆ. ಚಾರ್ಜು ಮಾಡಿದಾಗ ಆ ಸಲ್ಫೇಟು ಕರಗಿ ಫಲಕಗಳು ಮೊದಲಿನಂತಾಗುತ್ತವೆ, ಆಮ್ಲ ಮತ್ತೆ ಗಟ್ಟಿಯಾಗುತ್ತದೆ. ಆದುದರಿಂದಲೇ ದ್ರವದ ಸಾಪೇಕ್ಷ ಸಾಂದ್ರತೆಯನ್ನು ಅಳೆದರೆ ಬ್ಯಾಟರಿಯ ನಾಡಿ ಹಿಡಿದಂತೆ: ಪೂರ್ಣ ತುಂಬಿದಾಗ ಅದು 1.24ರಿಂದ 1.28ರವರೆಗೆ ಇದ್ದು, ಬರಿದಾದಾಗ 1.12ರ ಸುತ್ತ ಇಳಿಯುತ್ತದೆ. ಬರಿದಾದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ಮೆತ್ತಗಿದ್ದ ಸಲ್ಫೇಟು ಗಟ್ಟಿ ಹರಳಾಗಿ ಕೂತುಬಿಡುತ್ತದೆ. ಅನಂತರ ಎಷ್ಟು ಚಾರ್ಜು ಮಾಡಿದರೂ ಕರಗದು. ಊರಿಗೆ ಹೋಗುವಾಗ ‘ಸುರಕ್ಷಿತವಾಗಿರಲಿ’ ಎಂದು ಇನ್ವರ್ಟರಿಗೆ ಬರುವ ವಿದ್ಯುತ್ತನ್ನೂ ಕಡಿದು ಎರಡು ತಿಂಗಳು ಬಿಟ್ಟುಹೋಗುವವರ ಬ್ಯಾಟರಿ ಸಾಯುವುದು ಹೀಗೆ. ಹೋಗುವ ಮುನ್ನ ಅದನ್ನು ಪೂರ್ಣವಾಗಿ ತುಂಬಿಸಬೇಕು. ಸಾಧ್ಯವಿದ್ದರೆ ಚಾರ್ಜು ನಡೆಯುವಂತೆಯೇ ಬಿಟ್ಟು, ನಡುವೆ ನೀರಿನ ಮಟ್ಟವನ್ನು ನೋಡಲು ನೆರೆಯವರಿಗೆ ಒಪ್ಪಿಸಬೇಕು.

ನೀರಿನ ಮಾತು ಬಂದುದರಿಂದ ಅದನ್ನೂ ಹೇಳಿಬಿಡುತ್ತೇನೆ. ಚಾರ್ಜು ಮುಗಿಯುವ ಹೊತ್ತಿಗೆ, ಕರಗಿಸಲು ಸಲ್ಫೇಟು ಉಳಿದಿರದ ಕಾರಣ, ಬರುವ ವಿದ್ಯುತ್ತು ನೀರನ್ನೇ ಒಡೆಯುತ್ತದೆ. ನೀರು ಜಲಜನಕ ಮತ್ತು ಆಮ್ಲಜನಕಗಳಾಗಿ ಗುಳ್ಳೆಯೆದ್ದು ಹೊರಗೆ ಹೋಗುತ್ತದೆ. ಹೋದದ್ದು ನೀರು, ಆದುದರಿಂದ ತುಂಬಬೇಕಾದದ್ದೂ ನೀರೇ. ‘ಬ್ಯಾಟರಿ ಬಲಹೀನವಾಗಿದೆ, ಆಮ್ಲ ಹಾಕೋಣ’ ಎನ್ನುವ ರಿಪೇರಿಯವರ ಮಾತನ್ನು ಕೇಳಕೂಡದು. ಆಮ್ಲ ಹೆಚ್ಚಾದರೆ ಫಲಕಗಳನ್ನು ಅದೇ ತಿನ್ನುತ್ತದೆ. ನಲ್ಲಿಯ ನೀರೂ ಕೊಳವೆಬಾವಿಯ ನೀರೂ ಸಲ್ಲವು, ಅವುಗಳಲ್ಲಿನ ಲವಣಗಳು ಒಳಗೇ ಉಳಿದುಬಿಡುತ್ತವೆ. ಭಟ್ಟಿ ಇಳಿಸಿದ ನೀರನ್ನು ಮಾತ್ರ, ತೇಲುಸೂಚಕದ ಮೇಲಿನ ಗುರುತನ್ನು ಮೀರದಂತೆ ಹಾಕಬೇಕು. ಸಾಮಾನ್ಯವಾಗಿ ಎರಡು ಮೂರು ತಿಂಗಳಿಗೊಮ್ಮೆ ನೋಡಿದರೆ ಸಾಕು. ಏಪ್ರಿಲ್, ಮೇ ತಿಂಗಳುಗಳಲ್ಲಿ ತಿಂಗಳಿಗೊಮ್ಮೆ ನೋಡುವುದು ಲೇಸು. ಪುಣೆಯ ಬೇಸಗೆ ಬ್ಯಾಟರಿಗೆ ಹಿತವಲ್ಲ. 25 ಡಿಗ್ರಿಗಿಂತ ಪ್ರತಿ 10 ಡಿಗ್ರಿ ಶಾಖ ಹೆಚ್ಚಿದರೆ ಸೀಸದ ಬ್ಯಾಟರಿಯ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆಂಬುದು ತಜ್ಞರು ಬಹುಕಾಲದಿಂದ ಬಳಸುವ ಸ್ಥೂಲ ಲೆಕ್ಕ. ಬಿಸಿಲು ಬೀಳುವ ಬಾಲ್ಕನಿ ಅದಕ್ಕೆ ತಕ್ಕ ಸ್ಥಳವಲ್ಲ.

ಹಾಗೆಂದು ಮುಚ್ಚಿದ ಕಪಾಟಿನಲ್ಲಿ ಇಡುವುದಂತೂ ಅಪಾಯ. ಮೇಲೆ ಹೇಳಿದ ಜಲಜನಕ ಗಾಳಿಯಲ್ಲಿ ನೂರಕ್ಕೆ ನಾಲ್ಕು ಭಾಗವಾದರೂ ಸಾಕು, ಒಂದು ಕಿಡಿಗೆ ಸಿಡಿಯಬಲ್ಲುದು. ದೇವರ ಮಂಟಪದ ಕೆಳಗಿನ ಖಾನೆಯಲ್ಲಿ ಇನ್ವರ್ಟರಿನ ಬ್ಯಾಟರಿಯನ್ನು ಇರಿಸಿ, ಮೇಲೆ ನಂದಾದೀಪ ಉರಿಸುವ ಮನೆಗಳನ್ನು ಕಂಡಿದ್ದೇನೆ. ಸ್ಥಳದ ಅಭಾವ ನಿಜವೇ. ಆದರೂ ದೀಪವನ್ನೋ ಬ್ಯಾಟರಿಯನ್ನೋ ಒಂದನ್ನು ಅಲ್ಲಿಂದ ಸರಿಸಲೇಬೇಕು. ಮುಚ್ಚಳ ತೆಗೆದು ನೀರಿನ ಮಟ್ಟವನ್ನು ನೋಡಲು ಬೆಂಕಿಕಡ್ಡಿ ಗೀರುವುದು ಸರ್ವಥಾ ಕೂಡದು. ಆಮ್ಲದ ಹನಿ ಕಣ್ಣಿಗೆ ಸಿಡಿದರೆ ಹರಿಯುವ ನೀರಿನಲ್ಲಿ 15ರಿಂದ 20 ನಿಮಿಷಗಳ ಪರ್ಯಂತ ರೆಪ್ಪೆ ಬಿಡಿಸಿ ತೊಳೆದು ಒಡನೆಯೇ ವೈದ್ಯರಲ್ಲಿಗೆ ಹೋಗಬೇಕು. ಅಡಿಗೆ ಸೋಡದ ನೀರು ಬ್ಯಾಟರಿಯ ತುದಿಗಳ ಕಿಲುಬನ್ನು ತೊಳೆಯಲು ಒಳ್ಳೆಯದು. ಕಣ್ಣಿಗೆ ಮಾತ್ರ ಹಾಕಬಾರದು.

ಇನ್ನು ಲೆಕ್ಕಾಚಾರ. ಇದನ್ನು ಪ್ರತಿ ಮನೆಯವರೂ ಒಮ್ಮೆ ಕಾಗದದ ಮೇಲೆ ಮಾಡಿ ನೋಡತಕ್ಕದ್ದು. 12 ವೋಲ್ಟಿನ, 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇರುವ ಒಟ್ಟು ಶಕ್ತಿ 1800 ವ್ಯಾಟ್-ಗಂಟೆ, ಅಂದರೆ ಎರಡು ಯೂನಿಟ್ಟಿಗೂ ಕಡಮೆ. ಬ್ಯಾಟರಿ ಬಾಳಿಕೆ ಬರಬೇಕಾದರೆ ಅದರಲ್ಲಿ ಅರ್ಧವನ್ನಷ್ಟೇ ಬಳಸಬೇಕು: 900. ಇನ್ವರ್ಟರು ತನ್ನ ಪಾಲಿಗೆ ಐದರಲ್ಲೊಂದು ಭಾಗವನ್ನು ನುಂಗುತ್ತದೆಂದುಕೊಂಡರೆ ಕೈಗೆ ಸಿಗುವುದು 720. ಎರಡು ಫ್ಯಾನುಗಳು ಮತ್ತು ನಾಲ್ಕು ಎಲ್.ಇ.ಡಿ. ದೀಪಗಳಿಗೆ 180 ವ್ಯಾಟು ಬೇಕಾದರೆ ನಾಲ್ಕು ಗಂಟೆ ನಡೆದೀತು. ಆದರೆ ನಿಮಿಷಕ್ಕೆ 5 ಲೀಟರು ಕೊಡುವ ಆಮ್ಲಜನಕ ಸಾಂದ್ರಕವೊಂದಕ್ಕೇ ಸುಮಾರು 350 ವ್ಯಾಟು ಬೇಕು. ಅದಕ್ಕೆ ಸಿಗುವುದು ಎರಡು ಗಂಟೆ ಮಾತ್ರ. ಅದೂ ಹೊಸ ಬ್ಯಾಟರಿಯಾದರೆ! ನಾಲ್ಕು ವರ್ಷ ಹಳೆಯದಾದರೆ ಒಂದು ಗಂಟೆಯೂ ಸಂಶಯವೇ. ಎಳೆತ ಹೆಚ್ಚಿದಷ್ಟೂ ಸೀಸದ ಬ್ಯಾಟರಿ ತನ್ನ ಪಟ್ಟಿಯಲ್ಲಿ ಬರೆದಷ್ಟನ್ನು ಕೊಡುವುದಿಲ್ಲವೆಂಬುದನ್ನೂ ನೆನಪಿಡಬೇಕು.

2021ರ ಕೋವಿಡ್ ಎರಡನೆಯ ಅಲೆಯಲ್ಲಿ ಅನೇಕ ಕುಟುಂಬಗಳು ಈ ಸಾಂದ್ರಕಗಳನ್ನು ಕೊಂಡು ತಂದವು. ಶ್ವಾಸಕೋಶದ ದೀರ್ಘ ಕಾಯಿಲೆಯವರು ಇಂದಿಗೂ ಅವುಗಳನ್ನು ಬಳಸುತ್ತಿದ್ದಾರೆ. ‘ಇನ್ವರ್ಟರಿದೆಯಲ್ಲ’ ಎಂಬ ಧೈರ್ಯದಿಂದ ಇರುವವರು ಒಂದು ಕೆಲಸ ಮಾಡಬೇಕು. ಹಗಲು ಹೊತ್ತಿನಲ್ಲಿ, ರೋಗಿಯ ಬಳಿ ಮತ್ತೊಬ್ಬರಿದ್ದು, ತುಂಬಿದ ಸಿಲಿಂಡರೊಂದು ಪಕ್ಕದಲ್ಲಿರುವಾಗ ಮೇನ್ ಸ್ವಿಚ್ಚನ್ನು ಆರಿಸಿ, ಯಂತ್ರವನ್ನು ಬ್ಯಾಟರಿಯ ಮೇಲೆ ಒಂದು ಗಂಟೆ ನಡೆಸಿ ನೋಡಬೇಕು. ಅಷ್ಟರಲ್ಲೇ ಇನ್ವರ್ಟರು ಕೂಗತೊಡಗಿದರೆ ಬ್ಯಾಟರಿಯ ಗತಿ ತಿಳಿಯಿತು. ಇಂತಹ ಯಂತ್ರಗಳಿಗೆ ಶುದ್ಧ ಸೈನ್ ತರಂಗದ ಇನ್ವರ್ಟರೇ ಬೇಕು. ಚೌಕ ತರಂಗದ ಅಗ್ಗದ ಇನ್ವರ್ಟರಿನಲ್ಲಿ ಅವುಗಳ ಮೋಟಾರು ಬಿಸಿಯೇರಿ ನರಳುತ್ತದೆ. ಏನೇ ಇರಲಿ, ಆಮ್ಲಜನಕವನ್ನೇ ನೆಚ್ಚಿಕೊಂಡವರ ಮನೆಯಲ್ಲಿ ಬ್ಯಾಟರಿಯ ಜೊತೆಗೆ ಒಂದು ಸಿಲಿಂಡರೂ ಇರತಕ್ಕದ್ದು. ಇದು ನನ್ನ ಖಚಿತ ಅಭಿಪ್ರಾಯ.

ಈಗ ಸಣ್ಣ ಸೆಲ್ಲುಗಳಿಗೆ ಬರೋಣ. ಪೆನ್ಸಿಲ್ ಸೆಲ್ಲೆಂದು ನಾವು ಕರೆಯುವ ಗಾತ್ರದ ಪುನರ್ಭರ್ತಿ ಸೆಲ್ಲುಗಳು ಮೊದಲು ನಿಕಲ್-ಕ್ಯಾಡ್ಮಿಯಮ್ಮಿನವಾಗಿದ್ದವು. ಸ್ವೀಡನ್ನಿನ ಯುಂಗ್ನರ್ 1899ರಲ್ಲಿ ಅದನ್ನು ಕಂಡುಹಿಡಿದನು. ಈಗ ಅಂಗಡಿಯಲ್ಲಿ ದೊರೆಯುವವು ಹೆಚ್ಚಾಗಿ ನಿಕಲ್-ಮೆಟಲ್ ಹೈಡ್ರೈಡಿನವು. ಇವುಗಳಲ್ಲಿ ಕ್ಯಾಡ್ಮಿಯಮ್ಮಿನ ಬದಲು, ಸ್ಪಂಜು ನೀರನ್ನು ಹೀರುವಂತೆ ಜಲಜನಕವನ್ನು ಹೀರಿಟ್ಟುಕೊಳ್ಳುವ ಒಂದು ಮಿಶ್ರಲೋಹವಿರುತ್ತದೆ. ಒಳ್ಳೆಯ ಸೆಲ್ಲನ್ನು ಸರಿಯಾಗಿ ನಡೆಸಿಕೊಂಡರೆ ಹಲವು ನೂರು ಸಾರಿ ಚಾರ್ಜು ಮಾಡಬಹುದು. ಒಂದು ಸಾರಿಗೆ ತಗಲುವ ವಿದ್ಯುತ್ತು ಸುಮಾರು 4 ವ್ಯಾಟ್-ಗಂಟೆ. ಒಂದು ಯೂನಿಟ್ಟಿನಲ್ಲಿ 250 ಸೆಲ್ಲುಗಳನ್ನು ತುಂಬಬಹುದೆಂದಾಯಿತು. ಇದಕ್ಕಿಂತ ಅಗ್ಗದ ಮಿತವ್ಯಯ ಮನೆಯಲ್ಲಿ ಇನ್ನೊಂದಿಲ್ಲ.

ಹಾಗಿದ್ದರೂ ಎಲ್ಲ ಕಡೆಯೂ ಇವುಗಳನ್ನೇ ಹಾಕಬೇಕೆಂದು ನಾನು ಹೇಳುವುದಿಲ್ಲ. ಗಡಿಯಾರ, ರಿಮೋಟುಗಳಿಗೆ ಸಾಮಾನ್ಯ ಸೆಲ್ಲೇ ಸರಿ. ವರ್ಷಕ್ಕೊಮ್ಮೆ ಬದಲಾಯಿಸುವ ಕಡೆ ಪುನರ್ಭರ್ತಿಯಿಂದ ಲಾಭವಿಲ್ಲ. ಇವುಗಳಿಗೆ ಇನ್ನೊಂದು ಸ್ವಭಾವವಿದೆ: ಕೆಲಸವಿಲ್ಲದೆ ಕುಳಿತರೂ ತಾವಾಗಿಯೇ ಬರಿದಾಗುವುದು. ಹಳೆಯ ಬಗೆಯವು ತಿಂಗಳಿಗೆ ನೂರಕ್ಕೆ ಇಪ್ಪತ್ತರಷ್ಟನ್ನು, ಬೇಸಗೆಯಲ್ಲಿ ಇನ್ನೂ ಹೆಚ್ಚನ್ನು ಕಳೆದುಕೊಳ್ಳುತ್ತವೆ. ಆಪತ್ತಿಗೆಂದು ತೆಗೆದಿರಿಸಿದ ಟಾರ್ಚು ಆಪತ್ತು ಬಂದಾಗ ಮಿಣುಕುವುದು ಇದರಿಂದ. ಜಪಾನಿನಲ್ಲಿ 2005ರಲ್ಲಿ ಮಾರುಕಟ್ಟೆಗೆ ಬಂದ ಹೊಸ ಬಗೆಯ ಸೆಲ್ಲುಗಳು ಒಂದು ವರ್ಷದ ಅನಂತರವೂ ಮುಕ್ಕಾಲು ಪಾಲಿನಷ್ಟನ್ನು ಉಳಿಸಿಕೊಳ್ಳುತ್ತವೆ. ‘ಮೊದಲೇ ಚಾರ್ಜು ಮಾಡಿದೆ’, ‘ಬಳಸಲು ಸಿದ್ಧ’ ಎಂದು ಹೊದಿಕೆಯ ಮೇಲೆ ಬರೆದಿರುವವು ಸಾಮಾನ್ಯವಾಗಿ ಈ ಜಾತಿಯವು. ಬೆಲೆ ತುಸು ಹೆಚ್ಚಾದರೂ ಕೊಳ್ಳತಕ್ಕವು ಇವೇ. ಬುಧವಾರ ಪೇಠೆಯ ತಾಪಕೀರ ಗಲ್ಲಿಯಲ್ಲಿಯೋ ಇನ್ನೆಲ್ಲಿಯೋ ಕೊಳ್ಳುವಾಗ 4000, 5000 ಮಿಲಿಆಂಪಿಯರ್-ಗಂಟೆ ಎಂದು ಬರೆದ ಪೆನ್ಸಿಲ್ ಸೆಲ್ಲು ಕಂಡರೆ ಅದು ಸುಳ್ಳೆಂದೇ ತಿಳಿಯಬೇಕು. ಈ ಗಾತ್ರದ ನಿಕಲ್ ಸೆಲ್ಲಿನಲ್ಲಿ 2800ನ್ನು ಮೀರುವುದು ಕಷ್ಟ, 2000 ಇದ್ದರೆ ಒಳ್ಳೆಯದೇ. ತೂಕವೂ ಒಂದು ಪರೀಕ್ಷೆ: ನಿಜವಾದ ಸೆಲ್ಲು 25 ಗ್ರಾಮಿಗಿಂತ ಹೆಚ್ಚೇ ತೂಗುತ್ತದೆ.

ರಕ್ತದೊತ್ತಡದ ಯಂತ್ರದ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಸಾಮಾನ್ಯ ಸೆಲ್ಲಿನದು 1.5 ವೋಲ್ಟು, ಪುನರ್ಭರ್ತಿ ನಿಕಲ್ ಸೆಲ್ಲಿನದು 1.2. ನಾಲ್ಕು ಸೇರಿದಾಗ ಆರು ವೋಲ್ಟಿನ ಬದಲು 4.8 ಆಗುತ್ತದೆ. ಸಾಮಾನ್ಯ ಸೆಲ್ಲು ಬಳಸುತ್ತ ಹೋದಂತೆ ಮೆಲ್ಲಮೆಲ್ಲನೆ ಇಳಿಯುತ್ತದೆ. ನಿಕಲ್ ಸೆಲ್ಲಾದರೋ ಕೊನೆಯವರೆಗೂ 1.2ರ ಬಳಿಯೇ ನಿಂತು, ಆಮೇಲೆ ಥಟ್ಟನೆ ಕುಸಿಯುತ್ತದೆ. ಹೀಗಾಗಿ ಯಂತ್ರದ ಬ್ಯಾಟರಿ ಗುರುತು ಕೆಲವೊಮ್ಮೆ ತುಂಬಿದ ಸೆಲ್ಲನ್ನು ಅರೆಬರಿದೆಂದು ತೋರಿಸುತ್ತದೆ, ಕೆಲವೊಮ್ಮೆ ಮುನ್ಸೂಚನೆಯಿಲ್ಲದೆ ಪಟ್ಟಿ ಉಬ್ಬುವ ನಡುವೆಯೇ ಯಂತ್ರ ನಿಂತುಬಿಡುತ್ತದೆ. ಯಂತ್ರದ ಕೈಪಿಡಿಯಲ್ಲಿ ಪುನರ್ಭರ್ತಿ ಸೆಲ್ಲು ಸಲ್ಲುತ್ತದೆಂದು ಬರೆದಿದ್ದರೆ ಬಳಸಬಹುದು. ಇಲ್ಲವಾದರೆ ಆಲ್ಕಲೈನ್ ಸೆಲ್ಲನ್ನೋ ತಯಾರಕರೇ ಕೊಟ್ಟ ಅಡಾಪ್ಟರನ್ನೋ ಬಳಸುವುದು ಮೇಲು. ಬೆಳಗಿನ ಮಾತ್ರೆಯನ್ನು ಯಂತ್ರ ತೋರಿಸುವ ಅಂಕಿಯ ಮೇಲೆ ನಿರ್ಧರಿಸುವವರು ಇಲ್ಲಿ ನಾಲ್ಕು ಕಾಸಿನ ಉಳಿತಾಯವನ್ನು ನೋಡಬಾರದು.

ಒಂದೇ ಉಪಕರಣದಲ್ಲಿ ಹೊಸದು ಹಳೆಯದು, ಬೇರೆ ಬೇರೆ ಜಾತಿಯವು ಬೆರೆಯಕೂಡದು. ನಾಲ್ವರು ಪಲ್ಲಕ್ಕಿ ಹೊರುವಾಗ ಒಬ್ಬನು ಬಳಲಿದರೆ ಉಳಿದ ಮೂವರು ಅವನನ್ನೂ ಎಳೆದುಕೊಂಡು ಹೋಗುತ್ತಾರೆ. ಸೆಲ್ಲುಗಳಲ್ಲಿಯೂ ಮೊದಲು ಬರಿದಾದುದರ ಮೂಲಕ ಮಿಕ್ಕವು ವಿದ್ಯುತ್ತನ್ನು ಬಲವಂತವಾಗಿ ನೂಕುತ್ತವೆ. ಅದರ ಧನ ಋಣಗಳೇ ತಿರುವುಮುರುವಾಗಿ ಅದು ಕೆಡುತ್ತದೆ, ಸೋರುವುದೂ ಉಂಟು. ಒಟ್ಟಿಗೆ ಕೊಂಡ ನಾಲ್ಕರ ಮೇಲೂ ಮಾಸದ ಶಾಯಿಯಿಂದ ತಿಂಗಳು, ವರ್ಷ ಬರೆದು, ಅವನ್ನು ಒಂದು ಕುಟುಂಬವಾಗಿ ಒಟ್ಟಿಗೇ ಬಳಸಿ ಒಟ್ಟಿಗೇ ಚಾರ್ಜು ಮಾಡುವುದು ಉತ್ತಮ ಪದ್ಧತಿ. ಚಾರ್ಜರಿನ ಆಯ್ಕೆ ಸೆಲ್ಲಿನ ಆಯ್ಕೆಗಿಂತಲೂ ಮುಖ್ಯ. ಅತಿ ಅಗ್ಗದ ಚಾರ್ಜರಿಗೆ ನಿಲ್ಲಿಸುವುದು ಗೊತ್ತಿಲ್ಲ. ಸೆಲ್ಲು ತುಂಬಿದ ಮೇಲೂ ವಿದ್ಯುತ್ತನ್ನು ತುರುಕುತ್ತಲೇ ಇರುತ್ತದೆ, ಅದೆಲ್ಲ ಶಾಖವಾಗಿ ಸೆಲ್ಲನ್ನು ಬೇಯಿಸುತ್ತದೆ. ಪ್ರತಿಯೊಂದು ಸೆಲ್ಲನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ ತುಂಬಿದೊಡನೆ ನಿಲ್ಲಿಸುವ ಚಾರ್ಜರುಗಳಿವೆ; ಒಮ್ಮೆ ಕೊಂಡರೆ ಹತ್ತು ವರ್ಷ ಬರುತ್ತದೆ. ಚಾರ್ಜಾಗುವಾಗ ಸೆಲ್ಲು ಬೆಚ್ಚಗಾಗುವುದು ಸಹಜ, ಮುಟ್ಟಲಾರದಷ್ಟು ಸುಡುವುದು ಸಹಜವಲ್ಲ. ಪೂರ್ಣವಾಗಿ ಬರಿದು ಮಾಡಿಯೇ ಚಾರ್ಜು ಮಾಡಬೇಕೆಂಬ ಮಾತು ಕ್ಯಾಡ್ಮಿಯಮ್ ಸೆಲ್ಲಿನ ಕಾಲದ್ದು. ಈಗಿನವಕ್ಕೆ ಆ ನಿಯಮ ಬೇಕಿಲ್ಲ.

ಮೊಬೈಲಿನ ಲಿಥಿಯಮ್-ಅಯಾನ್ ಬ್ಯಾಟರಿಗಂತೂ ಪೂರ್ಣ ಬರಿದಾಗುವುದೇ ಕೇಡು. 1991ರಲ್ಲಿ ಮಾರುಕಟ್ಟೆಗೆ ಬಂದ, 2019ರಲ್ಲಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಅವರಿಗೆ ನೊಬೆಲ್ ಪಾರಿತೋಷಕವನ್ನು ತಂದುಕೊಟ್ಟ ಈ ಬ್ಯಾಟರಿಯಲ್ಲಿ ಲಿಥಿಯಮ್ಮಿನ ಅಯಾನುಗಳು ಎರಡು ಪದರಗಳ ನಡುವೆ ತೂಗುಮಂಚದಂತೆ ಅತ್ತಿತ್ತ ಓಲಾಡುತ್ತವೆ. ತೂಗುಮಂಚವನ್ನು ನಡುವೆ ಆಡಿಸಿದರೆ ಸರಪಳಿಗೆ ಶ್ರಮವಿಲ್ಲ, ಎರಡು ಕೊನೆಗಳಿಗೂ ಎಳೆದರೆ ಶ್ರಮ. ನೂರಕ್ಕೆ 20ರಿಂದ 80ರ ನಡುವೆ ಬಳಸಿದರೆ ಆಯುಸ್ಸು ಹೆಚ್ಚು. ಬಳಸದೆ ತೆಗೆದಿಡುವ ಫೋನನ್ನು ಅರ್ಧ ತುಂಬಿಸಿ ತಂಪಾದೆಡೆ ಇಡಬೇಕು. ಇದರೊಳಗಿನ ದ್ರವ ಉರಿಯತಕ್ಕದ್ದೆಂಬುದನ್ನು ಮಾತ್ರ ಮರೆಯಲಾಗದು. 2022ರ ಮಾರ್ಚಿಯಲ್ಲಿ ನಮ್ಮದೇ ನಗರದ ಧಾನೋರಿಯಲ್ಲಿ ರಸ್ತೆಯ ಬದಿಗೆ ನಿಂತಿದ್ದ ವಿದ್ಯುತ್ ಸ್ಕೂಟರೊಂದು ಹೊಗೆಯಾಡಿ ಹೊತ್ತಿ ಉರಿದುದನ್ನು ದೇಶವೆಲ್ಲ ನೋಡಿತು. ಫೋನಿನ ಬೆನ್ನು ಉಬ್ಬಿದರೆ ಒಳಗೆ ಅನಿಲ ತುಂಬಿದೆಯೆಂದು ಅರ್ಥ; ಚುಚ್ಚದೆ, ಒತ್ತದೆ, ಚಾರ್ಜು ಮಾಡದೆ ಅಂಗಡಿಗೆ ಒಯ್ಯಬೇಕು. ದಿಂಬಿನ ಕೆಳಗಿಟ್ಟು ರಾತ್ರಿಯೆಲ್ಲ ಚಾರ್ಜು ಮಾಡುವ ಅಭ್ಯಾಸವನ್ನು ಬಿಡಬೇಕು. ಲಿಥಿಯಮ್ಮಿಗೆ ಬದಲಾಗಿ ಅಡಿಗೆಯುಪ್ಪಿನಲ್ಲಿರುವ ಸೋಡಿಯಮ್ಮನ್ನು ಬಳಸುವ ಬ್ಯಾಟರಿಯೊಂದನ್ನು ಪಾಷಾಣ್‌ನಲ್ಲಿರುವ ವಿಜ್ಞಾನ ಸಂಸ್ಥೆ ಐಸರ್‌ನ ಸಹಯೋಗದೊಡನೆ ಪುಣೆಯ ಕೆ.ಪಿ.ಐ.ಟಿ. ಸಂಸ್ಥೆ 2023ರ ಡಿಸೆಂಬರಿನಲ್ಲಿ ಪ್ರಕಟಿಸಿದುದು ನಮಗೆ ಸಂತೋಷದ ಸಂಗತಿ. ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣದಲ್ಲಿ ಲಿಥಿಯಮ್ ಇದೆಯೆಂಬ ಸುದ್ದಿ 2021ರಲ್ಲಿ ಬಂದಾಗ ಕನ್ನಡಿಗರು ಹಿಗ್ಗಿದ್ದರು. ಅಂದಾಜಿಸಿದ್ದು 1600 ಟನ್ನು, ದೇಶದ ಬಯಕೆಗೆ ಅದು ಅಲ್ಪವೇ.

ಗುಂಡಿಯಂತಹ ಸೆಲ್ಲುಗಳು ಹೆಚ್ಚಿನವು ಪುನರ್ಭರ್ತಿಯವಲ್ಲ. ಅವನ್ನು ಚಾರ್ಜರಿಗೆ ಹಾಕಲೇಬಾರದು. ಆದರೆ ಮೊಮ್ಮಕ್ಕಳು ಬಂದುಹೋಗುವ ಮನೆಗಳಿಗಾಗಿ ಅವುಗಳ ಬಗ್ಗೆ ಎರಡು ಮಾತು ಹೇಳಲೇಬೇಕು. 20 ಮಿಲಿಮೀಟರು ಅಗಲದ 3 ವೋಲ್ಟಿನ ಸೆಲ್ಲನ್ನು ಮಗು ನುಂಗಿದರೆ ಅದು ಅನ್ನನಾಳದಲ್ಲಿ ಸಿಕ್ಕಿಕೊಳ್ಳಬಹುದು. ಅಲ್ಲಿನ ತೇವದ ಮೂಲಕ ವಿದ್ಯುತ್ತು ಹರಿದು, ಇನ್ವರ್ಟರಿನಲ್ಲಿ ನೀರು ಒಡೆದಂತೆಯೇ ಇಲ್ಲಿಯೂ ಒಡೆದು, ತೀಕ್ಷ್ಣವಾದ ಕ್ಷಾರ ಉಂಟಾಗುತ್ತದೆ. ಎರಡು ಗಂಟೆಗಳೊಳಗೆ ನಾಳ ಸುಟ್ಟುಹೋಗಬಹುದು. ಸೆಲ್ಲು ಸೋರದೆ ಇದ್ದರೂ, ಉಪಕರಣಕ್ಕೆ ಸಾಲದಷ್ಟು ‘ಖಾಲಿ’ಯಾಗಿದ್ದರೂ ಅಪಾಯ ತಪ್ಪಿದ್ದಲ್ಲ. ಜೊಲ್ಲು, ಕೆಮ್ಮು, ಊಟ ಬೇಡವೆನ್ನುವುದು, ಎದೆನೋವು ಇವಿಷ್ಟೇ ಲಕ್ಷಣಗಳಾಗಿ ಶೀತವೆಂದು ಭ್ರಮಿಸುವ ಸಂಭವವಿದೆ. ಅನುಮಾನ ಬಂದೊಡನೆ ಎಕ್ಸ್‌ರೇ ಮತ್ತು ಎಂಡೋಸ್ಕೊಪಿ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ಧಾವಿಸಬೇಕು. ವಾಂತಿ ಮಾಡಿಸಕೂಡದು. ಮಗುವಿಗೆ ಒಂದು ವರ್ಷ ದಾಟಿದ್ದು, ನುಂಗಿ 12 ಗಂಟೆಯೊಳಗಾಗಿದ್ದು, ನುಂಗಲು ತೊಂದರೆಯಿಲ್ಲದಿದ್ದರೆ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಚಹಾ ಚಮಚ ಜೇನನ್ನು, ಆರು ಸಾರಿಯವರೆಗೆ ಕೊಡಬಹುದು. ಜೇನು ತರುವುದಕ್ಕಾಗಿ ತಡಮಾಡಬಾರದು. ಅಜ್ಜನ ಶ್ರವಣಸಾಧನದ ಸೆಲ್ಲುಗಳನ್ನೂ ಮಾತ್ರೆಗಳ ಡಬ್ಬಿಯಿಂದ ದೂರ ಇರಿಸಬೇಕು. ಕತ್ತಲಲ್ಲಿ ಬೆರಳಿಗೆ ಎರಡೂ ಒಂದೇ.

ಬ್ಯಾಟರಿ ಸತ್ತ ಮೇಲೂ ಆರೋಗ್ಯದ ಪ್ರಶ್ನೆ ಮುಗಿಯುವುದಿಲ್ಲ. ಜಪಾನಿನ ಜಿಂಜು ನದಿಯ ದಂಡೆಯಲ್ಲಿ ಗಣಿಯಿಂದ ಬಂದ ಕ್ಯಾಡ್ಮಿಯಮ್ ಗದ್ದೆಯ ಮೂಲಕ ಅನ್ನಕ್ಕೆ ಸೇರಿ, ಜನರ ಮೂತ್ರಪಿಂಡಗಳನ್ನು ಕೆಡಿಸಿ, ಮೂಳೆಗಳನ್ನು ಸಣ್ಣ ಒತ್ತಡಕ್ಕೇ ಮುರಿಯುವಂತೆ ಮಾಡಿತು. ಅಲ್ಲಿನ ಸರಕಾರ 1968ರಲ್ಲಿ ಈ ಕಾರಣವನ್ನು ಒಪ್ಪಿಕೊಂಡಿತು. ಹಳೆಯ ತುರ್ತುದೀಪಗಳಲ್ಲಿ, ತಂತಿರಹಿತ ಟೆಲಿಫೋನುಗಳಲ್ಲಿ ಇರುವುದು ಇದೇ ಲೋಹ. ಸೀಸದ ಕಥೆ ನಮಗೆ ಇನ್ನೂ ಹತ್ತಿರದ್ದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಮತ್ತು ಅವರ ಸಂಗಡಿಗರು 1990ರ ದಶಕದ ಕೊನೆಯಲ್ಲಿ ನಮ್ಮ ದೊಡ್ಡ ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿದಾಗ, ಪರೀಕ್ಷಿಸಿದ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯಲ್ಲಿ ಸೀಸ ಅಂದಿನ ಮಿತಿಯನ್ನು ಮೀರಿತ್ತು. ಆಗಿನ ಮುಖ್ಯ ಅಪರಾಧಿ ಸೀಸ ಬೆರೆಸಿದ ಪೆಟ್ರೋಲು. 2000ದಲ್ಲಿ ಅದು ನಿಂತಿತು. ಆದರೆ ಜಗತ್ತಿನ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಸೀಸ ಇನ್ನೂ ಅಧಿಕವಾಗಿದೆಯೆಂದು ಯುನಿಸೆಫ್ 2020ರಲ್ಲಿ ತಿಳಿಸಿತು. ಹಳೆಯ ಬ್ಯಾಟರಿಗಳನ್ನು ಅಂಗಳಗಳಲ್ಲಿ ಒಡೆದು, ಬಯಲಲ್ಲಿ ಸೀಸ ಕರಗಿಸುವುದು ಇದಕ್ಕೆ ದೊಡ್ಡ ಕಾರಣವೆಂದು ಅದು ಬೊಟ್ಟುಮಾಡಿತು. ಸೀಸ ದೇಹದಲ್ಲಿ ಕ್ಯಾಲ್ಸಿಯಮ್ಮಿನ ಸ್ಥಾನವನ್ನು ಕದಿಯುತ್ತದೆ. ಬೆಳೆಯುವ ಮೆದುಳು ಅದಕ್ಕೆ ಮೊದಲ ಬಲಿ.

ಬಾಗಿಲಿಗೆ ಬಂದ ಗುಜರಿಯವನು ಹಳೆಯ ಇನ್ವರ್ಟರ್ ಬ್ಯಾಟರಿಗೆ ಅಂಗಡಿಯವನಿಗಿಂತ ಇನ್ನೂರು ರೂಪಾಯಿ ಹೆಚ್ಚು ಕೊಡುತ್ತಾನೆಂದರೆ, ಆ ಇನ್ನೂರು ಎಲ್ಲಿಂದ ಬರುತ್ತದೆಂದು ಕೇಳಿಕೊಳ್ಳಬೇಕು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಸಂಸ್ಕರಿಸುವ ಹೊಣೆ ತಯಾರಕರದು. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಧಿಕೃತ ಮಾರಾಟಗಾರರಿಗೇ ಒಪ್ಪಿಸಿ ರಸೀದಿಯಲ್ಲಿ ಬರೆಸಿಕೊಳ್ಳಬೇಕು. ಸಣ್ಣ ಸೆಲ್ಲುಗಳ ಎರಡು ತುದಿಗಳಿಗೂ ಟೇಪು ಅಂಟಿಸಿ ಒಂದು ಡಬ್ಬಿಯಲ್ಲಿ ಕೂಡಿಡಬೇಕು. ಹಸಿಕಸದೊಡನೆ ಎಂದಿಗೂ ಬೆರೆಸಬಾರದು. ಪುಣೆಯ ಬಹಳಷ್ಟು ಮನೆಗಳ ಕಸವನ್ನು ಒಯ್ಯುವವರು ‘ಸ್ವಚ್ಛ’ ಎಂಬ ಸಹಕಾರ ಸಂಸ್ಥೆಯ ಹೆಣ್ಣುಮಕ್ಕಳು. ನಾವು ಕಟ್ಟಿಕೊಟ್ಟ ಚೀಲವನ್ನು ಅವರು ಬರಿಗೈಯಿಂದಲೇ ಬಿಚ್ಚಿ ಬೇರ್ಪಡಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಆ ಡಬ್ಬಿ ತುಂಬಿದಾಗ ಇ-ತ್ಯಾಜ್ಯ ಸಂಗ್ರಹದ ದಿನ ಬೇರೆಯಾಗಿಯೇ ಅವರ ಕೈಗಿತ್ತು, ಒಳಗಿರುವುದು ಸೆಲ್ಲೆಂದು ಬಾಯಿಬಿಟ್ಟು ತಿಳಿಸಬೇಕು.